ಯಕ್ಷಗಾನದ ವಿಡಿಯೊ ಎಡಿಟ್ ಮಾಡುವವರಿಗೆ: ಯಾವ ಫಾರ್ಮ್ಯಾಟ್‌ನಲ್ಲಿ ಹಿಡಿಯಬೇಕು, ಯಾವುದನ್ನು ಬದಲಿಸಿಕೊಳ್ಳಬೇಕು

ಶಿರಸಿ, ಸಿದ್ದಾಪುರ, ಹೊನ್ನಾವರ, ಕುಮಟಾ ಕಡೆ ಈಗ ಯಾವ ಯಕ್ಷಗಾನದ ಆಟಕ್ಕೆ ಹೋದರೂ ರಂಗಸ್ಥಳದ ಎದುರು ಒಂದೆರಡು ಟ್ರೈಪಾಡ್ ಇದ್ದೇ ಇರುತ್ತದೆ. ಊರಿನ ಹುಡುಗರು ಒಳ್ಳೆಯ ಕ್ಯಾಮೆರಾ ತರುತ್ತಾರೆ, ಇಬ್ಬರು ಫೋನಿನಲ್ಲಿ ಹಿಡಿಯುತ್ತಾರೆ, ಮೈಕಿನವರ ಮಿಕ್ಸರ್‌ನಿಂದ ಧ್ವನಿ ಬೇರೆ ಬರುತ್ತದೆ. ಎಲ್ಲ ಸೇರಿ ಒಂದು ಪೆನ್‌ಡ್ರೈವ್ ಆಗಿ ನನ್ನ ಮೇಜಿಗೆ ಬಂದ ಮೇಲೆ ತೊಂದರೆ ಶುರು. ಅಥವಾ ಅವರೇ ಎಡಿಟ್ ಮಾಡಲು ಕೂತು ಫೋನ್ ಮಾಡುತ್ತಾರೆ: "ಭಾವಾ, ಧ್ವನಿ ಬತ್ತು, ಚಿತ್ರ ಬತ್ತಿಲ್ಲೆ."

ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಕೇಳುವವರು ಬಹಳ. ನನ್ನ ಅನುಭವದಲ್ಲಿ ಸಾಫ್ಟ್‌ವೇರ್ ಎರಡನೆಯ ವಿಷಯ. ಕ್ಯಾಮೆರಾದಿಂದ ಹೊರಬಂದ ಫೈಲ್ ಸರಿಯಾಗಿದ್ದರೆ ಉಚಿತ ಸಾಫ್ಟ್‌ವೇರ್‌ನಲ್ಲೂ ಇಡೀ ರಾತ್ರಿಯ ಆಟವನ್ನು ಚೆಂದವಾಗಿ ಕೂರಿಸಬಹುದು. ಫೈಲ್ ಕೆಟ್ಟದ್ದಾದರೆ ದುಬಾರಿ ಸಾಫ್ಟ್‌ವೇರ್ ತಂದರೂ ಚಂಡೆಯ ಪೆಟ್ಟು ಒಂದು ಕಡೆ, ಹೆಜ್ಜೆ ಇನ್ನೊಂದು ಕಡೆ. ಆದ್ದರಿಂದ ಫಾರ್ಮ್ಯಾಟಿನ ತೀರ್ಮಾನ ಚೌಕಿಯಲ್ಲಿ ಬಣ್ಣ ಹಚ್ಚುವ ಹೊತ್ತಿಗೇ ಆಗಿಬಿಡಬೇಕು. ಆ ಹೊತ್ತಿಗೆ ಏನೇನು ನೋಡಿಕೊಳ್ಳಬೇಕು, ತಪ್ಪಿಹೋದ ಫೈಲ್ ಕೈಗೆ ಬಂದರೆ ಏನು ಮಾಡಬೇಕು ಎಂಬುದನ್ನು ನಾನು ದಿನವೂ ಮಾಡುವ ಕೆಲಸದ ಕ್ರಮದಲ್ಲೇ ಬರೆದಿದ್ದೇನೆ. ಮದುವೆ, ಉಪನಯನ, ಮಾರಿಕಾಂಬಾ ಜಾತ್ರೆ, ಅಂಕೋಲೆಯ ಸುಗ್ಗಿ ಕುಣಿತ ಹಿಡಿಯುವವರಿಗೂ ಇದು ಹೊಂದುತ್ತದೆ. ಆಟದ ಉದಾಹರಣೆಯನ್ನೇ ಹೆಚ್ಚು ಕೊಡಲು ಕಾರಣವಿದೆ: ತಾಳಕ್ಕೂ ಹೆಜ್ಜೆಗೂ ಇರುವ ಸಂಬಂಧ ಅಲ್ಲಿ ಅಷ್ಟು ಬಿಗಿ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ನಮ್ಮ ಪ್ರೇಕ್ಷಕರಿಗೆ ತಕ್ಷಣ ತಿಳಿಯುತ್ತದೆ.

ಎಂಪಿ4 ಎಂದಷ್ಟೇ ಹೇಳಿದರೆ ಸಾಲದು

ಮೇಳದ ಪೆಟ್ಟಿಗೆಗಳು ಹೊರಗಿನಿಂದ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಒಂದರಲ್ಲಿ ಕಿರೀಟ, ಒಂದರಲ್ಲಿ ಸೀರೆ, ಮತ್ತೊಂದರಲ್ಲಿ ಗೆಜ್ಜೆ. ಮುಚ್ಚಳ ತೆಗೆದರೆ ಮಾತ್ರ ಗೊತ್ತಾಗುವುದು. ಎಂಪಿ4, ಎಂಒವಿ, ಎಂಕೆವಿ, ಎವಿಐ, ಎಂಟಿಎಸ್ ಎಲ್ಲವೂ ಹಾಗೆ ಹೊರಗಿನ ಪೆಟ್ಟಿಗೆ, ಅಂದರೆ ಕಂಟೇನರ್. ಒಳಗೆ ಚಿತ್ರವನ್ನು ಯಾವ ರೀತಿಯಲ್ಲಿ ಒತ್ತಿ ಇಟ್ಟಿದ್ದಾರೆ ಎಂಬುದು ಕೋಡೆಕ್. ಎಚ್.264, ಎಚ್.265, ಪ್ರೋರೆಸ್, ಡಿಎನ್‌ಎಕ್ಸ್‌ಎಚ್‌ಡಿ, ಎಂಪೆಗ್-2 ಇವು ಕೋಡೆಕ್‌ಗಳು. ಒಬ್ಬರ ಎಂಪಿ4 ಸಲೀಸಾಗಿ ಓಡಿ, ಇನ್ನೊಬ್ಬರ ಎಂಪಿ4 ಅದೇ ಕಂಪ್ಯೂಟರಿನಲ್ಲಿ ಕಪ್ಪು ಪರದೆ ತೋರಿಸಿದರೆ ಕಾರಣ ಇಷ್ಟೆ: ಮೊದಲನೆಯದರ ಒಳಗೆ ಎಚ್.264 ಇದೆ, ಎರಡನೆಯದರ ಒಳಗೆ ಎಚ್.265 ಇದೆ. ಫೈಲಿನ ಹೆಸರಿನ ಕೊನೆಯ ಅಕ್ಷರಗಳನ್ನು ಕೈಯಿಂದ ಬದಲಿಸಿದರೆ ಒಳಗಿನದು ಬದಲಾಗುವುದಿಲ್ಲ.

ಒಳಗಿನದನ್ನು ನೋಡಲು ಮೀಡಿಯಾಇನ್ಫೋ ಎಂಬ ಉಚಿತ ಸಾಧನವಿದೆ. ಯಾವ ಫೈಲ್ ಬಂದರೂ ನಾನು ಮೊದಲು ಅದನ್ನು ಇದರ ಮೇಲೆ ಎಳೆದು ಬಿಡುತ್ತೇನೆ, ಎಡಿಟಿಂಗ್ ಸಾಫ್ಟ್‌ವೇರ್ ತೆರೆಯುವುದು ಆಮೇಲೆ. ಅದು ತೋರಿಸುವ ಉದ್ದನೆಯ ಪಟ್ಟಿಯಲ್ಲಿ ಕೆಲವೇ ಸಾಲು ನೋಡಿದರೆ ಸಾಕು. 'ಫಾರ್ಮ್ಯಾಟ್' ಎಂಬಲ್ಲಿ ಎವಿಸಿ ಎಂದಿದ್ದರೆ ಅದು ಎಚ್.264, ಎಚ್‌ಇವಿಸಿ ಎಂದಿದ್ದರೆ ಎಚ್.265. 'ಫ್ರೇಮ್‌ರೇಟ್ ಮೋಡ್' ಎಂಬಲ್ಲಿ ಕಾನ್‌ಸ್ಟಂಟ್ ಇದೆಯೋ ವೇರಿಯಬಲ್ ಇದೆಯೋ ನೋಡಿ (ಫ್ರೇಮ್ ಎಂದರೆ ವಿಡಿಯೊದ ಒಂದೊಂದು ಬಿಡಿ ಚಿತ್ರ, ಫ್ರೇಮ್‌ರೇಟ್ ಎಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕ). 'ಬಿಟ್ ಡೆಪ್ತ್', ಅಂದರೆ ಬಣ್ಣವನ್ನು ಎಷ್ಟು ಸೂಕ್ಷ್ಮವಾಗಿ ಬರೆದಿದೆ ಎಂಬುದು, 8 ಇದೆಯೋ 10 ಇದೆಯೋ, 'ಸ್ಕ್ಯಾನ್ ಟೈಪ್' ಪ್ರೋಗ್ರೆಸಿವ್ ಇದೆಯೋ ಇಂಟರ್‌ಲೇಸ್ಡ್ ಇದೆಯೋ ನೋಡಿ. ಇವಿಷ್ಟು ತಿಳಿದರೆ ಮುಂದಿನ ದಾರಿ ತಾನಾಗಿ ಗೊತ್ತಾಗುತ್ತದೆ.

ಕಂಪ್ಯೂಟರ್ ಯಾಕೆ ತಿಣುಕುತ್ತದೆ

ಎಚ್.264 ಬಂದದ್ದು 2003ರಲ್ಲಿ, ಎಚ್.265 ಬಂದದ್ದು 2013ರಲ್ಲಿ. ಎರಡೂ ಜಾಗ ಉಳಿಸಲೆಂದು ಮಾಡಿದವು. ಪ್ರತಿ ಫ್ರೇಮನ್ನೂ ಪೂರ್ತಿ ಬರೆದಿಡದೆ, ಆಗಾಗ ಒಂದು ಪೂರ್ಣ ಚಿತ್ರ ಇಟ್ಟು, ನಡುವೆ ಏನು ಬದಲಾಯಿತು ಎಂಬುದನ್ನು ಮಾತ್ರ ಬರೆಯುತ್ತಾ ಹೋಗುತ್ತವೆ. ನೋಡುವುದಕ್ಕೆ ಇದು ಸೊಗಸಾದ ಉಪಾಯ, ಏಕೆಂದರೆ ನೋಡುವಾಗ ನಾವು ಮುಂದಕ್ಕಷ್ಟೇ ಹೋಗುತ್ತೇವೆ. ಎಡಿಟ್ ಮಾಡುವಾಗ ಹಾಗಲ್ಲ. ಏರುಪದ್ಯದಲ್ಲಿ ಚಂಡೆಯ ಒಂದು ಪೆಟ್ಟಿಗೆ ಸರಿಯಾಗಿ ಕತ್ತರಿ ಹಾಕಬೇಕೆಂದರೆ ನಾಲ್ಕು ಫ್ರೇಮ್ ಹಿಂದೆ, ಎರಡು ಫ್ರೇಮ್ ಮುಂದೆ ಎಂದು ಓಡಾಡುತ್ತಲೇ ಇರಬೇಕು. ಒಂದೊಂದು ಸಲ ಹಿಂದೆ ಹೋದಾಗಲೂ ಕಂಪ್ಯೂಟರ್ ಅದಕ್ಕೂ ಹಿಂದಿನ ಪೂರ್ಣ ಚಿತ್ರವನ್ನು ಹುಡುಕಿ, ಅಲ್ಲಿಂದ ಲೆಕ್ಕ ಹಾಕುತ್ತಾ ಬರಬೇಕು. ಎಚ್.265ರಲ್ಲಿ ಈ ಲೆಕ್ಕ ಇನ್ನೂ ಜಟಿಲ. ಅದರಲ್ಲಿ ಅದೇ ಗುಣಮಟ್ಟ ಸುಮಾರು ಅರ್ಧ ಜಾಗದಲ್ಲಿ ಹಿಡಿಯುತ್ತದೆ, ಆದರೆ ಬಿಡಿಸುವ ಕೆಲಸ ದೊಡ್ಡದು.

ಹೊಸ ಕಂಪ್ಯೂಟರುಗಳಲ್ಲಿ ಈ ಲೆಕ್ಕಕ್ಕೆಂದೇ ಪ್ರತ್ಯೇಕ ಭಾಗ ಇರುತ್ತದೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ 8 ಬಿಟ್‌ನ ಎಚ್.265 ಬಿಡಿಸುವ ಹಾರ್ಡ್‌ವೇರ್ 6ನೇ ತಲೆಮಾರಿನಿಂದ ಬಂತು, 10 ಬಿಟ್‌ನದ್ದು 7ನೇ ತಲೆಮಾರಿನಿಂದ. ನಿಮ್ಮ ಲ್ಯಾಪ್‌ಟಾಪ್ ಅದಕ್ಕಿಂತ ಹಳೆಯದಾದರೆ ಎಚ್.265ರಲ್ಲಿ ಹಿಡಿಯಲೇಬೇಡಿ. ಕ್ಯಾಮೆರಾದಲ್ಲೂ ಫೋನಿನಲ್ಲೂ ಎಚ್.264 ಆರಿಸಿಕೊಳ್ಳಿ. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್ ಎಂದು ಹೋಗಿ 'ಮೋಸ್ಟ್ ಕಂಪ್ಯಾಟಿಬಲ್' ಒತ್ತಿದರೆ ಆಯಿತು. 'ಹೈ ಎಫಿಶಿಯನ್ಸಿ' ಇದ್ದರೆ ಅದು ಎಚ್.265. ಅಲ್ಲೇ 'ರೆಕಾರ್ಡ್ ವಿಡಿಯೊ' ಒಳಗೆ ಎಚ್‌ಡಿಆರ್ ವಿಡಿಯೊ ಇದ್ದರೆ ಅದನ್ನೂ ಬಂದ್ ಮಾಡಿಬಿಡಿ. ಎಚ್‌ಡಿಆರ್ ಚಿತ್ರವನ್ನು ಸಾಮಾನ್ಯ ಟೈಮ್‌ಲೈನ್‌ಗೆ (ಸಾಫ್ಟ್‌ವೇರ್‌ನಲ್ಲಿ ತುಣುಕುಗಳನ್ನು ಜೋಡಿಸುವ ಜಾಗಕ್ಕೆ) ತಂದಾಗ ವೇಷದ ಮುಖ ಬೆಳ್ಳಗೆ ಹೊಡೆಯುತ್ತದೆ, ಇನ್ನೊಂದು ಕ್ಯಾಮೆರಾದ ಬಣ್ಣಕ್ಕೆ ಹೊಂದುವುದಿಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ ಈ ಆಯ್ಕೆ ಒಂದೊಂದು ಕಂಪನಿಯದ್ದರಲ್ಲಿ ಒಂದೊಂದು ಕಡೆ ಇರುತ್ತದೆ. ಕ್ಯಾಮೆರಾ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಎಚ್‌ಇವಿಸಿ ಅಥವಾ ಎಚ್.265 ಎಂಬ ಪದ ಹುಡುಕಿ, ಅದನ್ನು ಬಂದ್ ಮಾಡಿ.

ತಾಳ ತಪ್ಪಿಸುವ ದೊಡ್ಡ ಶತ್ರು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ನನ್ನ ಹತ್ತಿರ ಬರುವ ದೂರುಗಳಲ್ಲಿ ಹೆಚ್ಚಿನವು ಇದರದ್ದೇ.

ವಿಡಿಯೊ ಕ್ಯಾಮೆರಾಗೆ 25 ಫ್ರೇಮ್ ಎಂದು ಹೇಳಿದರೆ ಅದು ಸೆಕೆಂಡಿಗೆ 25 ಫ್ರೇಮ್ ಹಿಡಿಯುತ್ತದೆ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಫೋನಿನ ಕ್ಯಾಮೆರಾ ಹಾಗೆ ಮಾಡುವುದಿಲ್ಲ. ಬೆಳಕು ಕಡಿಮೆಯಾದಾಗ, ಫೋನ್ ಬಿಸಿಯಾದಾಗ, ಹಿಂದೆ ಇನ್ನೇನೋ ಆ್ಯಪ್ ಓಡುತ್ತಿದ್ದಾಗ ಅದು ಫ್ರೇಮ್ ಸಂಖ್ಯೆಯನ್ನು ತಾನೇ ಏರಿಳಿಸುತ್ತದೆ. ಇದಕ್ಕೆ ವೇರಿಯಬಲ್ ಫ್ರೇಮ್‌ರೇಟ್ ಎನ್ನುತ್ತಾರೆ. ಫೋನಿನಲ್ಲಿ ಮತ್ತೆ ಹಾಕಿ ನೋಡಿದರೆ ಏನೂ ತಪ್ಪು ಕಾಣುವುದಿಲ್ಲ, ಯಾಕೆಂದರೆ ಒಂದೊಂದು ಫ್ರೇಮಿಗೂ ಅದರ ಸಮಯ ಬರೆದಿರುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್ ಮಾತ್ರ ಎಲ್ಲ ಫ್ರೇಮ್‌ಗಳನ್ನೂ ಸಮ ಅಂತರದಲ್ಲಿ ಜೋಡಿಸಲು ನೋಡುತ್ತದೆ. ಧ್ವನಿ ತನ್ನ ಪಾಡಿಗೆ ಸರಿಯಾಗಿ ಓಡುತ್ತದೆ, ಚಿತ್ರ ಜಾರುತ್ತಾ ಹೋಗುತ್ತದೆ.

ಎಷ್ಟು ಜಾರುತ್ತದೆ? ಒಂದು ನಿಮಿಷಕ್ಕೆ ಒಂದೇ ಒಂದು ಫ್ರೇಮ್ ವ್ಯತ್ಯಾಸ ಬಂದರೂ ಮೂರು ಗಂಟೆಯ ಕಾಲಮಿತಿ ಆಟದ ಕೊನೆಗೆ 180 ಫ್ರೇಮ್ ಆಯಿತು. 25ರ ಲೆಕ್ಕದಲ್ಲಿ ಏಳು ಸೆಕೆಂಡಿಗೂ ಮೇಲೆ. 25 ಫ್ರೇಮ್‌ನಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಎರಡು ಮೂರು ಫ್ರೇಮ್ ಹೆಚ್ಚುಕಡಿಮೆಯಾದರೆ ಅರ್ಥಗಾರಿಕೆಯಲ್ಲಿ ಯಾರೂ ಗಮನಿಸಲಿಕ್ಕಿಲ್ಲ. ಮುಕ್ತಾಯದ ಚಂಡೆಗೆ ಕಾಲು ನೆಲಕ್ಕೆ ಬೀಳುವ ಕ್ಷಣದಲ್ಲಿ ಅದೇ ಎರಡು ಮೂರು ಫ್ರೇಮ್ ಕಲಾವಿದರ ವರ್ಷಗಟ್ಟಲೆಯ ಅಭ್ಯಾಸವನ್ನು ಸುಳ್ಳು ಮಾಡಿಬಿಡುತ್ತದೆ. ಕುಣಿತದಲ್ಲಿ ಏನೂ ತಪ್ಪಿಲ್ಲದ ವೇಷಧಾರಿ ನಮ್ಮ ವಿಡಿಯೊದಲ್ಲಿ ತಾಳ ತಪ್ಪಿದ ಹಾಗೆ ಕಾಣುತ್ತಾರೆ. ಆ ವಿಡಿಯೊವನ್ನು ಊರೂರಿನವರು ನೋಡುತ್ತಾರೆ. ಕಲಾವಿದರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ನಾವು ಮಾಡಲಾರೆವು, ಅದಕ್ಕೇ ನಾನು ಇದರ ವಿಷಯದಲ್ಲಿ ಇಷ್ಟು ಹಟ ಹಿಡಿಯುವುದು.

ಹಿಡಿಯುವಾಗಲೇ ತಪ್ಪಿಸುವ ದಾರಿ: ಫೋನ್ ಬಳಸುವುದಾದರೆ ಫೋನಿನ ಸ್ವಂತ ಕ್ಯಾಮೆರಾ ಆ್ಯಪ್ ಬದಲು ಫ್ರೇಮ್‌ರೇಟ್, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಒಳಬಿಡುವ ಹೊತ್ತು) ಎರಡನ್ನೂ ಬಿಗಿಯಾಗಿ ಹಿಡಿಯುವ ಆ್ಯಪ್ ಹಾಕಿಕೊಳ್ಳಿ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಉಚಿತ. ಐಫೋನ್‌ಗೆ 2023ರಲ್ಲಿ ಬಂತು, ಆಂಡ್ರಾಯ್ಡ್‌ಗೆ 2024ರಲ್ಲಿ. ಎಲ್ಲ ಆಂಡ್ರಾಯ್ಡ್ ಫೋನುಗಳಲ್ಲೂ ಓಡುವುದಿಲ್ಲ, ನಿಮ್ಮದರಲ್ಲಿ ಓಡಿದರೆ ಅದೇ ಸಾಕು. 25 ಫ್ರೇಮ್, ಶಟರ್ 1/50 ಎಂದು ಕಟ್ಟಿಹಾಕಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಚಾರ್ಜರ್ ಸಿಕ್ಕಿಸಿ, ಗಾಳಿಯಾಡುವ ಕಡೆ ಇಡಿ.

ಈಗಾಗಲೇ ಹಿಡಿದು ತಂದ ಫೈಲ್ ವೇರಿಯಬಲ್ ಆಗಿದ್ದರೆ ಟೈಮ್‌ಲೈನ್‌ಗೆ ಹಾಕುವ ಮೊದಲು ಬದಲಿಸಿಕೊಳ್ಳಿ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಫೈಲ್ ತೆರೆದು, ವಿಡಿಯೊ ಎಂಬ ವಿಭಾಗಕ್ಕೆ ಹೋಗಿ, ಫ್ರೇಮ್‌ರೇಟ್ ಜಾಗದಲ್ಲಿ ಸಂಖ್ಯೆಯನ್ನು ನೀವೇ ಆರಿಸಿ. ಫೋನ್ 30ರಲ್ಲಿ ಹಿಡಿದಿದ್ದರೆ 30, 25ರಲ್ಲಿ ಹಿಡಿದಿದ್ದರೆ 25. ಕೆಳಗೆ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಎಂಬುದನ್ನು ಒತ್ತಿ. ಎನ್‌ಕೋಡರ್ ಎಚ್.264, ಗುಣಮಟ್ಟದ ಆರ್‌ಎಫ್ ಸಂಖ್ಯೆ 16ರಿಂದ 18ರ ಒಳಗೆ ಇಡಿ. ಅಲ್ಲಿ ಸಂಖ್ಯೆ ಇಳಿದಷ್ಟೂ ಗುಣಮಟ್ಟ ಏರುತ್ತದೆ, ಫೈಲ್ ದೊಡ್ಡದಾಗುತ್ತದೆ. 'ಫಾಸ್ಟ್ ಡಿಕೋಡ್' ಎಂಬ ಗುರುತು ಹಾಕಿದರೆ ಹಳೆಯ ಕಂಪ್ಯೂಟರಿಗೆ ಬಿಡಿಸುವ ಹೊರೆ ಇನ್ನಷ್ಟು ತಗ್ಗುತ್ತದೆ. ಮುಗಿದ ಮೇಲೆ ಹೊಸ ಫೈಲಿನ ಕೊನೆಯ ಐದು ನಿಮಿಷ ನೋಡಿ. ಮೊದಲ ಐದು ನಿಮಿಷ ಎಲ್ಲರದ್ದೂ ಸರಿಯಾಗಿಯೇ ಇರುತ್ತದೆ. ಶಾಟ್‌ಕಟ್, ಕೆಡೆನ್‌ಲೈವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್ ಬಳಸುವವರಿಗೆ ಒಂದು ಅನುಕೂಲವಿದೆ: ವೇರಿಯಬಲ್ ಫೈಲ್ ಹಾಕಿದಾಗ ಅವೇ ಗುರುತಿಸಿ, ಎಡಿಟ್‌ಗೆ ಹೊಂದುವ ಹಾಗೆ ಬದಲಿಸಿಕೊಡಲೇ ಎಂದು ಕೇಳುತ್ತವೆ. ಒಪ್ಪಿಕೊಳ್ಳಿ.

25 ಯಾಕೆ ಎಂದು ಕೇಳುವವರಿದ್ದಾರೆ. ನಮ್ಮ ದೇಶದ ಕರೆಂಟು 50 ಹರ್ಟ್ಸ್‌ನದ್ದು. ಅದರಲ್ಲಿ ಉರಿಯುವ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ 1/50 ಅಥವಾ 1/100 ಇದ್ದರೆ ಪ್ರತಿ ಫ್ರೇಮಿಗೂ ಪೂರ್ಣ ಮಿನುಗುಗಳೇ ಸಿಗುತ್ತವೆ, ಬೆಳಕು ಸಮವಾಗಿ ಬರುತ್ತದೆ. 1/60 ಇಟ್ಟರೆ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತವೆ, ಎಡಿಟಿಂಗ್‌ನಲ್ಲಿ ಅದನ್ನು ಚೊಕ್ಕವಾಗಿ ತೆಗೆಯಲು ಬರುವುದಿಲ್ಲ. ಫೋನಿನಲ್ಲಿ 30 ಬಿಟ್ಟು ಬೇರೆ ಆಯ್ಕೆಯೇ ಇಲ್ಲ ಎಂದಾದರೆ 30ರಲ್ಲೇ ಹಿಡಿಯಿರಿ, ಶಟರ್ ಮಾತ್ರ 1/50 ಇರಲಿ. ಆದರೆ ಎಲ್ಲ ಕ್ಯಾಮೆರಾಗಳೂ ಒಂದೇ ಸಂಖ್ಯೆಯಲ್ಲಿರಬೇಕು. 30ರ ಫೈಲನ್ನು 25ರ ಟೈಮ್‌ಲೈನ್‌ಗೆ ಹಾಕಿದರೆ ಆರು ಫ್ರೇಮಿಗೆ ಒಂದು ಎಸೆದುಹೋಗುತ್ತದೆ. ಕೂತು ಮಾತಾಡುವ ತಾಳಮದ್ದಲೆಯಲ್ಲಿ ಅದು ಕಾಣದು. ಮಂಡಿ ಕುಣಿತ ಶುರುವಾದ ಕೂಡಲೇ ಚಿತ್ರ ತಡವರಿಸುವುದು ಕಣ್ಣಿಗೆ ಹೊಡೆಯುತ್ತದೆ.

ಕಾರ್ಡಿನಿಂದ ನಕಲು ಮಾಡುವಾಗ

ಮದುವೆ ಹಿಡಿಯುವವರ ಹತ್ತಿರ ಇನ್ನೂ ಎವಿಸಿಎಚ್‌ಡಿ ಕ್ಯಾಮೆರಾಗಳಿವೆ. ಅವುಗಳ ಕಾರ್ಡ್ ತೆರೆದರೆ ಪ್ರೈವೇಟ್ ಎಂಬ ಫೋಲ್ಡರ್, ಅದರೊಳಗೆ ಎವಿಸಿಎಚ್‌ಡಿ, ಅದರೊಳಗೆ ಬಿಡಿಎಂವಿ, ಕೊನೆಗೆ ಸ್ಟ್ರೀಮ್ ಎಂಬಲ್ಲಿ ಎಂಟಿಎಸ್ ಫೈಲುಗಳು. ಹೆಚ್ಚಿನವರು ಆ ಎಂಟಿಎಸ್ ಫೈಲುಗಳನ್ನಷ್ಟೇ ಎಳೆದುಕೊಂಡು ಕಾರ್ಡ್ ಅಳಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ಫ್ಯಾಟ್32 ಎಂಬ, ಕಾರ್ಡಿನಲ್ಲಿ ಫೈಲ್ ಜೋಡಿಸಿಡುವ ಹಳೆಯ ವ್ಯವಸ್ಥೆಯಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಹಾಗಾಗಿ ಉದ್ದದ ರೆಕಾರ್ಡಿಂಗನ್ನು ಕ್ಯಾಮೆರಾ ತುಂಡು ತುಂಡು ಮಾಡಿ ಬರೆಯುತ್ತದೆ. ಯಾವ ತುಂಡಿನ ಬಾಲಕ್ಕೆ ಯಾವ ತುಂಡಿನ ತಲೆ ಎಂಬ ಮಾಹಿತಿ ಇರುವುದು ಅಕ್ಕಪಕ್ಕದ ಫೋಲ್ಡರುಗಳಲ್ಲಿ. ಅದು ಇಲ್ಲದಿದ್ದರೆ ಎರಡು ತುಂಡು ಸೇರುವಲ್ಲಿ ಧ್ವನಿ ಚೂರು ಕತ್ತರಿಸಿದ ಹಾಗೆ ಕೇಳುತ್ತದೆ, ಭಾಗವತರ ಆಲಾಪದ ನಡುವೆ ಬಂದರೆ ಕೇಳುವುದೇ ಬೇಡ. ಪ್ರೈವೇಟ್ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿ, ಎಡಿಟ್ ಮಾಡುವುದು ಅಡೋಬಿ ಪ್ರೀಮಿಯರ್‌ನಲ್ಲಿ ಆದರೆ ಮೀಡಿಯಾ ಬ್ರೌಸರ್ ಮೂಲಕ ಒಳಗೆ ತನ್ನಿ. ತುಂಡುಗಳು ಒಂದೇ ಕ್ಲಿಪ್ ಆಗಿ ಬರುತ್ತವೆ.

ಮಳೆಗಾಲದಲ್ಲಿ ಸಭಾಭವನದೊಳಗಿನ ಆಟ ನೇರಪ್ರಸಾರ ಮಾಡುವವರಿಗೆ ಒಂದು ಮಾತು. ನಮ್ಮ ಕಡೆ ಆಷಾಢದ ಗಾಳಿಗೆ ಅಡಕೆ ಮರ ತಂತಿಯ ಮೇಲೆ ಬಿತ್ತೆಂದರೆ ಕರೆಂಟು ಹೋಯಿತೆಂದೇ ಲೆಕ್ಕ. ಮಾಮೂಲಿ ಎಂಪಿ4 ಫೈಲಿನ ವಿಷಯಸೂಚಿ ರೆಕಾರ್ಡಿಂಗ್ ನಿಲ್ಲಿಸಿದ ಮೇಲೆ ಕೊನೆಯಲ್ಲಿ ಬರೆಯಲ್ಪಡುತ್ತದೆ. ನಡುವೆ ಕಂಪ್ಯೂಟರ್ ಆರಿದರೆ ಎರಡು ಗಂಟೆಯ ಫೈಲ್ ಇದ್ದೂ ತೆರೆಯುವುದಿಲ್ಲ. ಎಂಕೆವಿ ಹಾಗಲ್ಲ, ಆರುವ ಕ್ಷಣದ ತನಕ ಬರೆದದ್ದು ಉಳಿಯುತ್ತದೆ. ನೇರಪ್ರಸಾರಕ್ಕೆ ಬಳಸುವ ಒಬಿಎಸ್ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡಿಂಗ್ ಫಾರ್ಮ್ಯಾಟ್ ಎಂಕೆವಿ ಇಡಿ. ಆಟ ಮುಗಿದ ಮೇಲೆ ಫೈಲ್ ಮೆನುವಿನಲ್ಲಿ 'ರೀಮಕ್ಸ್ ರೆಕಾರ್ಡಿಂಗ್ಸ್' ಒತ್ತಿ ಎಂಪಿ4 ಮಾಡಿಕೊಳ್ಳಿ. ಇದರಲ್ಲಿ ಪೆಟ್ಟಿಗೆ ಮಾತ್ರ ಬದಲಾಗುತ್ತದೆ, ಚಿತ್ರಕ್ಕೆ ಕೂದಲಷ್ಟೂ ಹಾನಿಯಿಲ್ಲ, ಕೆಲವೇ ನಿಮಿಷದ ಕೆಲಸ. ಕ್ಯಾಮೆರಾದ ಎಂಪಿ4 ಹೀಗೆ ಅರ್ಧಕ್ಕೆ ನಿಂತು ಹೋಗಿದ್ದರೆ ಅದನ್ನು ಅಳಿಸಬೇಡಿ. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗಿನಲ್ಲಿ ಇನ್ನೊಂದು ಸಣ್ಣ ಫೈಲ್ ಹಿಡಿದುಕೊಳ್ಳಿ. ಅನ್‌ಟ್ರಂಕ್ ಎಂಬ ಉಚಿತ ಸಾಧನ ಆ ಒಳ್ಳೆಯ ಫೈಲನ್ನು ಮಾದರಿಯಾಗಿಟ್ಟುಕೊಂಡು ಕೆಟ್ಟದ್ದನ್ನು ಎಷ್ಟೋ ಸಲ ಬದುಕಿಸಿಕೊಡುತ್ತದೆ.

ಮಿಕ್ಸರ್‌ನ ಧ್ವನಿಯನ್ನು ರೆಕಾರ್ಡರಿನಲ್ಲಿ ವೇವ್ ಫೈಲಾಗಿ, 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ತೆಗೆದುಕೊಳ್ಳಿ. ಎಂಪಿ3 ಬೇಡ. ಕ್ಯಾಮೆರಾದ ಗಡಿಯಾರವೂ ರೆಕಾರ್ಡರಿನ ಗಡಿಯಾರವೂ ಕೂದಲೆಳೆಯಷ್ಟು ಬೇರೆ ಇರುತ್ತವೆ, ಗಂಟೆಗಟ್ಟಲೆ ಓಡಿದಾಗ ಕೆಲವು ಫ್ರೇಮ್ ದೂರ ಸರಿಯುತ್ತವೆ. ಅದು ಫಾರ್ಮ್ಯಾಟಿನ ದೋಷವಲ್ಲ. ಪದ್ಯ ಮುಗಿದು ಮಾತು ಶುರುವಾಗುವ ಕಡೆ ಧ್ವನಿಯನ್ನು ಕತ್ತರಿಸಿ ಮತ್ತೆ ಕೂಡಿಸುತ್ತಾ ಬನ್ನಿ.

ಯಾವ ಸಾಫ್ಟ್‌ವೇರ್ ಯಾವುದನ್ನು ಒಪ್ಪುತ್ತದೆ

ಕೆಡೆನ್‌ಲೈವ್, ಶಾಟ್‌ಕಟ್ ಎರಡೂ ಉಚಿತ. ಎರಡರ ಒಳಗೂ ಬಹುತೇಕ ಎಲ್ಲ ಕೋಡೆಕ್ ಬಿಡಿಸಬಲ್ಲ ಎಫ್‌ಎಫ್‌ಎಂಪೆಗ್ ಎಂಬ ಸಾಧನ ಇದೆ, ಹಾಗಾಗಿ ಹೆಚ್ಚುಕಡಿಮೆ ಏನು ಕೊಟ್ಟರೂ ತೆರೆಯುತ್ತವೆ. ಹಳೆಯ ಲ್ಯಾಪ್‌ಟಾಪ್ ಇರುವ, ಈಗಷ್ಟೇ ಕಲಿಯುವ ಹುಡುಗರಿಗೆ ನಾನು ಹೇಳುವುದು ಇವನ್ನೇ.

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಬಣ್ಣದ ಕೆಲಸಕ್ಕೆ ಬಹಳ ಒಳ್ಳೆಯದು. ಆದರೆ ಲಿನಕ್ಸ್‌ನಲ್ಲಿ ಉಚಿತ ಆವೃತ್ತಿ ಎಚ್.264 ಮತ್ತು ಎಚ್.265 ತೆರೆಯುವುದಿಲ್ಲ, ನಮ್ಮ ಎಲ್ಲ ಎಂಪಿ4ಗಳೂ ಅಲ್ಲಿ ಬೇರೆ ಕೋಡೆಕ್‌ಗೆ ಬದಲಾಗಿಯೇ ಹೋಗಬೇಕು. ವಿಂಡೋಸ್‌ನಲ್ಲಿ 8 ಬಿಟ್‌ನ ಫೈಲುಗಳಿಗೆ ತೊಂದರೆಯಿಲ್ಲ. 10 ಬಿಟ್ 4:2:2ರಲ್ಲಿ (ಬಣ್ಣದ ಮಾಹಿತಿ ಹೆಚ್ಚು ಉಳಿಯುವ ರೀತಿ) ಹಿಡಿಯುವ ಕ್ಯಾಮೆರಾ ಕೊಂಡವರು ಉಚಿತ ಆವೃತ್ತಿಯನ್ನು ನಂಬಿ ಕೂರಬೇಡಿ, ಮೊದಲು ಒಂದು ಸಣ್ಣ ಫೈಲ್ ಹಾಕಿ ನೋಡಿ. ಅಡೋಬಿ ಪ್ರೀಮಿಯರ್‌ಗೆ ಎಂಕೆವಿ ಕೊಡುವ ಬದಲು ಎಂಪಿ4 ಮಾಡಿಯೇ ಕೊಡಿ.

ಬಿಟ್ ಡೆಪ್ತ್, 4:2:2 ಬಗ್ಗೆ ಕೇಳುವವರಿಗೆ: ಆಟದ ವೇಷಗಳಲ್ಲಿ ಕಡುಕೆಂಪು, ಚಿನ್ನದ ಬಣ್ಣ ಬಹಳ. ಸಾಮಾನ್ಯ 4:2:0 ಫೈಲಿನಲ್ಲಿ ಬಣ್ಣದ ಮಾಹಿತಿ ಅಡ್ಡಕ್ಕೂ ಉದ್ದಕ್ಕೂ ಅರ್ಧರ್ಧ ಮಾತ್ರ ಇರುತ್ತದೆ, ಕೆಂಪು ವಸ್ತ್ರದ ಅಂಚು ಗರಗಸದ ಹಾಗೆ ಕಾಣುವುದು ಅದಕ್ಕೇ. ಕೇದಗೆ ಮುಂದಲೆಯ ಸುತ್ತಿನ ಕೆಂಪನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. 4:2:2 ಇದ್ದರೆ ಅಂಚು ನಯವಾಗಿ ಬರುತ್ತದೆ. ಅದನ್ನು ಬಿಡಿಸುವ ಶಕ್ತಿ ಕಂಪ್ಯೂಟರಿಗೆ ಇದ್ದರೆ ಹಿಡಿಯಿರಿ, ಇಲ್ಲದಿದ್ದರೆ 8 ಬಿಟ್‌ನಲ್ಲೇ ಬೆಳಕು ಸರಿ ಮಾಡಿಕೊಂಡು ಹಿಡಿಯುವುದು ಮೇಲು.

ಪ್ರೋರೆಸ್ ಬೇಕೇ, ಪ್ರಾಕ್ಸಿ ಸಾಕೇ

ಎಡಿಟಿಂಗ್‌ಗೆಂದೇ ಮಾಡಿದ ಕೋಡೆಕ್‌ಗಳಿವೆ. ಅವಿಡ್ ಕಂಪನಿಯ ಡಿಎನ್‌ಎಕ್ಸ್‌ಎಚ್‌ಡಿ 2004ರದ್ದು, ಆಪಲ್‌ನ ಪ್ರೋರೆಸ್ 2007ರದ್ದು. ಇವುಗಳಲ್ಲಿ ಪ್ರತಿ ಫ್ರೇಮೂ ತನ್ನಷ್ಟಕ್ಕೆ ಪೂರ್ಣ, ಕಂಪ್ಯೂಟರ್ ಹಿಂದೆಮುಂದೆ ಹುಡುಕಬೇಕಾಗಿಲ್ಲ. ಬೆಲೆ ಕಟ್ಟಬೇಕಾದ್ದು ಹಾರ್ಡ್‌ಡಿಸ್ಕ್ ಜಾಗದಲ್ಲಿ. 1080ರ 25 ಫ್ರೇಮ್ ಪ್ರೋರೆಸ್ 422 ಸೆಕೆಂಡಿಗೆ 122 ಮೆಗಾಬಿಟ್ ತಿನ್ನುತ್ತದೆ, ಗಂಟೆಗೆ ಸುಮಾರು 55 ಜಿಬಿ. ಇಡೀ ರಾತ್ರಿಯ ಎಂಟು ಗಂಟೆಯ ಆಟಕ್ಕೆ ಒಂದು ಕ್ಯಾಮೆರಾದ್ದೇ 440 ಜಿಬಿ. ಅದೇ ಆಟ 25 ಮೆಗಾಬಿಟ್‌ನ ಎಚ್.264ರಲ್ಲಿ 90 ಜಿಬಿ.

ಮೂರು ಕ್ಯಾಮೆರಾದ ರಾತ್ರಿ ಆಟವನ್ನು ಪೂರ್ತಿ ಪ್ರೋರೆಸ್ ಮಾಡುವುದು ನಮ್ಮಂಥವರ ಕೆಲಸವಲ್ಲ. ಹತ್ತಿಪ್ಪತ್ತು ನಿಮಿಷದ ಕುಣಿತದ ತುಣುಕು, ಬಣ್ಣ ತಿದ್ದಲಿರುವ ಸಾಕ್ಷ್ಯಚಿತ್ರ ಎಂದರೆ ಸರಿ. ಉದ್ದದ ಆಟಕ್ಕೆ ಪ್ರಾಕ್ಸಿ ಮಾಡಿ. ಮೂಲ ಫೈಲಿನ ಹಗುರ ಪ್ರತಿ ಅದು. ಎಡಿಟ್ ಮಾಡುವುದು ಪ್ರಾಕ್ಸಿಯ ಮೇಲೆ, ಕೊನೆಗೆ ಎಕ್ಸ್‌ಪೋರ್ಟ್ ಆಗುವುದು ಮೂಲದಿಂದ. ಪ್ರೀಮಿಯರ್, ರಿಸಾಲ್ವ್, ಕೆಡೆನ್‌ಲೈವ್, ಶಾಟ್‌ಕಟ್ ನಾಲ್ಕರಲ್ಲೂ ಈ ವ್ಯವಸ್ಥೆ ಇದೆ. ಪ್ರಾಕ್ಸಿಯ ಅಳತೆ ಸಣ್ಣದಿರಲಿ, ಆದರೆ ಫ್ರೇಮ್‌ರೇಟ್ ಮೂಲದ್ದೇ ಇರಬೇಕು, ಧ್ವನಿಯ ಚಾನೆಲ್ ಸಂಖ್ಯೆಯೂ ಮೂಲದ್ದೇ ಇರಬೇಕು. ವೇರಿಯಬಲ್ ಫೈಲ್‌ಗಳನ್ನು ಕಾನ್‌ಸ್ಟಂಟ್ ಮಾಡಿದ ಮೇಲೆಯೇ ಪ್ರಾಕ್ಸಿಗೆ ಹೋಗಿ, ಉಲ್ಟಾ ಮಾಡಿದರೆ ಪ್ರಾಕ್ಸಿಯಲ್ಲಿ ಸರಿಯಿದ್ದದ್ದು ಎಕ್ಸ್‌ಪೋರ್ಟ್‌ನಲ್ಲಿ ಜಾರುತ್ತದೆ. ಪ್ರೋರೆಸ್, ಡಿಎನ್‌ಎಕ್ಸ್‌ಎಚ್‌ಡಿ ಮಾಡಿಕೊಳ್ಳಲು ಹ್ಯಾಂಡ್‌ಬ್ರೇಕ್ ಬಾರದು, ಶಟರ್ ಎನ್‌ಕೋಡರ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದರಲ್ಲಿ 'ರೀರ್ಯಾಪ್' ಎಂಬುದೂ ಇದೆ, ಪೆಟ್ಟಿಗೆ ಮಾತ್ರ ಬದಲಿಸಲು.

ಹಳೆಯ ಸಿಡಿ, ಡಿವಿಡಿ, ಟೇಪ್

ನಮ್ಮ ಮನೆಮನೆಯ ಕಪಾಟಿನಲ್ಲಿ ಹಳೆಯ ಆಟದ ಸಿಡಿಗಳಿವೆ. ಆಡಿದವರಲ್ಲಿ ಎಷ್ಟೋ ಜನ ಈಗಿಲ್ಲ. ಇವನ್ನು ಉಳಿಸಿಕೊಳ್ಳುವುದು ಹೊಸ ಆಟ ಹಿಡಿಯುವುದಕ್ಕಿಂತ ತುರ್ತಿನ ಕೆಲಸವೆಂದು ನನಗೆ ಅನಿಸುತ್ತದೆ. ಶೀತ ಹವೆಗೆ ಡಿಸ್ಕಿನ ಮೇಲೆ ಬೂಸು ಹಿಡಿಯುವ ನಮ್ಮೂರಿನಲ್ಲಂತೂ ಕಾಯುವಂತಿಲ್ಲ.

ವಿಸಿಡಿಯ ಒಳಗೆ ಡ್ಯಾಟ್ ಎಂದು ಕೊನೆಯಾಗುವ ಫೈಲಿರುತ್ತದೆ. ಅದು ಎಂಪೆಗ್-1, ಅಳತೆ 352 ಅಡ್ಡ, 288 ಉದ್ದ. ಡಿವಿಡಿಯಲ್ಲಿ ಎಂಪೆಗ್-2, 720 ಅಡ್ಡ, 576 ಉದ್ದ, 1 ಜಿಬಿಯ ತುಂಡುಗಳಾಗಿ ವಿಒಬಿ ಫೈಲುಗಳು. ವಿಒಬಿ ತುಂಡುಗಳನ್ನು ಬಿಡಿಬಿಡಿಯಾಗಿ ಟೈಮ್‌ಲೈನ್‌ಗೆ ಹಾಕಬೇಡಿ, ಸೇರುವ ಕಡೆ ಧ್ವನಿ ತುಂಡಾಗುತ್ತದೆ. ಇಡೀ ಫೋಲ್ಡರನ್ನು ಹ್ಯಾಂಡ್‌ಬ್ರೇಕ್‌ಗೆ ಕೊಟ್ಟರೆ ಒಂದೇ ಫೈಲ್ ಮಾಡಿಕೊಡುತ್ತದೆ. ಮಿನಿಡಿವಿ ಟೇಪಾದರೆ ಫೈರ್‌ವೈರ್ ತಂತಿಯಲ್ಲಿ ಡಿವಿಯಾಗಿಯೇ ಇಳಿಸಿಕೊಳ್ಳಿ, ಗಂಟೆಗೆ 13 ಜಿಬಿ ಆಗುತ್ತದೆ. ಅದನ್ನು ಹಾಗೆಯೇ ಮೂಲವಾಗಿ ಉಳಿಸಿ.

ಟೇಪಿನದ್ದೂ, ಕ್ಯಾಮೆರಾದಿಂದ ನೇರ ಡಿವಿಡಿಗೆ ಹೋದದ್ದೂ ಸಾಮಾನ್ಯವಾಗಿ ಇಂಟರ್‌ಲೇಸ್ಡ್. ಒಂದು ಫ್ರೇಮಿನಲ್ಲಿ ಎರಡು ಕ್ಷಣದ ಚಿತ್ರ ಗೆರೆ ಬಿಟ್ಟು ಗೆರೆ ಹೆಣೆದಿರುತ್ತದೆ. ಈಗಿನ ಪರದೆಯಲ್ಲಿ ಕೈ ಬೀಸಿದಾಗ ಬಾಚಣಿಗೆಯ ಹಲ್ಲಿನಂತೆ ಗೆರೆ ಕಾಣುವುದು ಅದಕ್ಕೆ. ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ಸ್ ವಿಭಾಗದಲ್ಲಿ ಡೀಇಂಟರ್‌ಲೇಸ್ ಎಂಬಲ್ಲಿ ಬಿಡಬ್ಲ್ಯುಡಿಐಎಫ್ ಆರಿಸಿ, ಪ್ರಿಸೆಟ್ 'ಬಾಬ್' ಇಡಿ, ಫ್ರೇಮ್‌ರೇಟ್ 50 ಕೊಡಿ. ಎರಡು ಕ್ಷಣವೂ ಬೇರೆಬೇರೆ ಫ್ರೇಮಾಗಿ ಉಳಿಯುತ್ತವೆ, ಕುಣಿತದ ಓಟ ಮೂಲದಲ್ಲಿದ್ದಷ್ಟೇ ನಯವಾಗಿರುತ್ತದೆ. ಸುಮ್ಮನೆ 25ಕ್ಕೆ ಇಳಿಸಿದರೆ ಹೆಜ್ಜೆಯ ಅರ್ಧ ಚಲನೆ ಶಾಶ್ವತವಾಗಿ ಹೋಯಿತು. ಯೂಟ್ಯೂಬ್‌ಗೆ ಹಾಕುವ ಮೊದಲು ಮೇಳದವರ, ಕಲಾವಿದರ ಮನೆಯವರ ಒಪ್ಪಿಗೆ ಕೇಳಿಕೊಳ್ಳಿ.

ಹೊರಗೆ ಕೊಡುವಾಗ

ಯೂಟ್ಯೂಬ್‌ಗೆ ಎಂಪಿ4, ಎಚ್.264, ಧ್ವನಿ ಎಎಸಿ 48 ಕಿಲೋಹರ್ಟ್ಸ್. 1080ರ 25 ಫ್ರೇಮಿಗೆ ಅವರೇ ಹೇಳುವುದು 8 ಮೆಗಾಬಿಟ್. ನಾನು ಅದರ ಎರಡರಷ್ಟು ಇಡುತ್ತೇನೆ, ಅವರು ಮತ್ತೆ ಒತ್ತುವುದರಿಂದ ಕೊಡುವಾಗ ಗಟ್ಟಿಯಿರುವುದು ಒಳ್ಳೆಯದು. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. 2 ಜಿಬಿ ತನಕ ಹೋಗುತ್ತದೆ, ಚಿತ್ರ ಕೆಡುವುದಿಲ್ಲ. ವಿಡಿಯೊ ಎಂದು ಕಳಿಸಿದ ಫೈಲನ್ನು ಯಾರಾದರೂ ಎಡಿಟ್‌ಗೆ ತಂದರೆ ಮೂಲ ಫೈಲ್ ತರಲು ಹೇಳಿ ವಾಪಸು ಕಳಿಸಿ.

ಅಜ್ಜ ಅಜ್ಜಿಯರು ಟಿವಿಗೆ ಪೆನ್‌ಡ್ರೈವ್ ಚುಚ್ಚಿ ನೋಡುತ್ತಾರೆ. ಅವರಿಗೆ 8 ಬಿಟ್ ಎಚ್.264, 1080, ಎಎಸಿ ಧ್ವನಿಯ ಎಂಪಿ4 ಬಿಟ್ಟು ಬೇರೇನೂ ಕೊಡಬೇಡಿ. ಹಳೆಯ ಟಿವಿಗಳಲ್ಲಿ ಕೆಲವು ಎಕ್ಸ್‌ಫ್ಯಾಟ್ ಎಂಬ ಹೊಸ ವ್ಯವಸ್ಥೆಯ ಪೆನ್‌ಡ್ರೈವ್ ಓದುವುದಿಲ್ಲ. ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಆಟವನ್ನು 4 ಜಿಬಿಗಿಂತ ಸಣ್ಣ ಭಾಗಗಳಾಗಿ ಕತ್ತರಿಸಿ. ಕತ್ತರಿ ಹಾಕುವುದು ಗಾತ್ರ ನೋಡಿ ಅಲ್ಲ, ವೇಷ ನಿರ್ಗಮಿಸಿ ರಂಗಸ್ಥಳ ಖಾಲಿಯಾಗುವ ಜಾಗ ನೋಡಿ. ಫೈಲಿನ ಹೆಸರನ್ನು 01, 02 ಎಂಬ ಅಂಕಿಯಿಂದ ಶುರುಮಾಡಿ, ಕನ್ನಡ ಲಿಪಿ ತೋರಿಸದ ಟಿವಿಯಲ್ಲೂ ಭಾಗಗಳು ಕ್ರಮವಾಗಿ ಬರುತ್ತವೆ.